ಇಲಿಯ ಶ್ವಾಸಕೋಶದಲ್ಲಿ ಗಡ್ಡೆ ತಡೆಯುವ ಜೀನ್ ತೆಗೆದು ನೋಡುವುದು ಹೇಗೆ: ಹಂತ ಹಂತದ ಮಾರ್ಗದರ್ಶಿ

ಪಿಟೆನ್, ಆರ್‌ಬಿ1, ಟಿಆರ್‌ಪಿ53, ಎಸ್‌ಟಿಕೆ11. ಗಡ್ಡೆ ತಡೆಯುವ ಈ ಜೀನ್‌ಗಳ ಹೆಸರನ್ನು ನಾವು ಕೇಳುವುದು ಹೆಚ್ಚಾಗಿ ಕ್ಯಾನ್ಸರ್ ಮಾತು ಬಂದಾಗ. ಆದರೆ ಭ್ರೂಣದ ಶ್ವಾಸಕೋಶದಲ್ಲಿ ಒಂದು ಕೋಶ ಯಾವಾಗ ವಿಭಜನೆ ನಿಲ್ಲಿಸಬೇಕು, ಮುಂದೆ ಯಾವ ಕೆಲಸದ ಕೋಶವಾಗಬೇಕು ಎಂಬುದರಲ್ಲೂ ಇವುಗಳ ಕೈವಾಡವಿದೆ. ಅದನ್ನು ತಿಳಿಯಲು ಜೀನನ್ನು ಶ್ವಾಸಕೋಶದಲ್ಲಿ ಮಾತ್ರ ತೆಗೆದು, ಏನಾಗುತ್ತದೆಂದು ನೋಡಬೇಕು.

ಈ ಪ್ರಯೋಗ ಪದೇ ಪದೇ ಒಂದೇ ಜಾಗದಲ್ಲಿ ಮುರಿದು ಬೀಳುತ್ತದೆ. ಶ್ವಾಸಕೋಶ ಬೇರೆ ಥರ ಕಾಣುತ್ತದೆ, ನಲವತ್ತು ಸ್ಲೈಡ್ ಸ್ಟೇನ್ ಆಗುತ್ತದೆ, ‘ಜೀನ್ ಇಲ್ಲದ್ದರಿಂದ ಕೋಶದ ದಾರಿ ಬದಲಾಯಿತು’ ಎಂದು ಬರೆದೂ ಆಗುತ್ತದೆ. ಆಮೇಲೆ ಯಾರೋ ‘ಆ ಕೋಶದಲ್ಲಿ ಜೀನ್ ನಿಜಕ್ಕೂ ಹೋಗಿತ್ತೇ?’ ಎಂದು ಕೇಳಿದಾಗ ಉತ್ತರ ಇರುವುದಿಲ್ಲ. ಆದ್ದರಿಂದ ಜೀನ್ ಎಲ್ಲಿ, ಯಾವ ದಿನ, ಎಷ್ಟರ ಮಟ್ಟಿಗೆ ಹೋಯಿತು ಎಂಬುದನ್ನು ಮೊದಲು ಸಾಬೀತು ಮಾಡಿ. ಕೋಶದ ಹಣೆಬರಹದ ಮಾತು ಆಮೇಲೆ.

## ಶುರು ಮಾಡುವ ಮುನ್ನ ಕೈಯಲ್ಲಿರಬೇಕಾದದ್ದು

ಫ್ಲಾಕ್ಸ್ ಇಲಿಗಳು (ತೆಗೆಯಬೇಕಾದ ಜೀನಿನ ಎರಡೂ ಬದಿಗೆ ಕತ್ತರಿಸುವ ಗುರುತು ಇಟ್ಟವು), ಕ್ರೀ ಇಲಿಗಳು (ಆ ಗುರುತಿನಲ್ಲಿ ಕತ್ತರಿಸುವ ಕ್ರೀ ಎಂಬ ಕಿಣ್ವ ತಯಾರಿಸುವವು), ಕ್ರೀ ಕೆಲಸ ಮಾಡಿದ ಕಡೆ ಕೆಂಪಗೆ ಹೊಳೆಯುವ ಟಿಡಿಟೊಮ್ಯಾಟೊ ರಿಪೋರ್ಟರ್ ಇಲಿ. ಟಮೋಕ್ಸಿಫೆನ್, ಪ್ರೊಜೆಸ್ಟೆರಾನ್, ಕಾರ್ನ್ ಆಯಿಲ್. 4% ಪ್ಯಾರಾಫಾರ್ಮಾಲ್ಡಿಹೈಡ್, 30% ಸಕ್ಕರೆ ದ್ರಾವಣ, ಮೊಂಡು ಸೂಜಿ, ರೇಷ್ಮೆ ದಾರ. ಸ್ಟೀರಿಯೋ ಮೈಕ್ರೋಸ್ಕೋಪ್ ಮತ್ತು ಕನ್‌ಫೋಕಲ್ ಮೈಕ್ರೋಸ್ಕೋಪ್.

ಭಾರತದಲ್ಲಿ ಕೆಲಸ ಮಾಡುವವರಿಗೆ ಇದಕ್ಕೂ ಮೊದಲಿನ ಕೆಲಸವೊಂದಿದೆ. ಸಂಸ್ಥೆಯ ಪ್ರಾಣಿ ನೀತಿ ಸಮಿತಿಗೆ ಬಿ ಫಾರ್ಮ್ ಕೊಟ್ಟು ಒಪ್ಪಿಗೆ ಪಡೆಯಬೇಕು. ತಳಿ ಮಾರ್ಪಡಿಸಿದ ಇಲಿಗಳಾದ್ದರಿಂದ ಜೈವಿಕ ಸುರಕ್ಷತಾ ಸಮಿತಿಯ ಒಪ್ಪಿಗೆಯೂ ಬೇಕು. ಇಲಿಗಳ ಸಂಖ್ಯೆ ಬರೆಯುವಾಗ ತಳಿ ಬೆಳೆಸುವಾಗ ಸಿಗುವ, ಪ್ರಯೋಗಕ್ಕೆ ಬಾರದ ಮರಿಗಳನ್ನೂ ಸೇರಿಸಿ. ಇದನ್ನು ಮರೆತವರು ಪ್ರಯೋಗದ ನಡುವೆ ಮತ್ತೆ ಅರ್ಜಿ ಹಾಕಿ ಕಾಯುತ್ತಾರೆ.

## ಹಂತ 1: ದಿನ ಮತ್ತು ಕೋಶವನ್ನು ಮೊದಲು ನಿರ್ಧರಿಸಿ

ಇಡೀ ದೇಹದಿಂದ ಜೀನ್ ತೆಗೆದರೆ ಸಾಲದೇ? ಸಾಲದು. ಪಿಟೆನ್ ಪೂರ್ತಿ ಇಲ್ಲದ ಭ್ರೂಣ ಸುಮಾರು ಇ9.5ಕ್ಕೇ, ಅಂದರೆ ಗರ್ಭದ ಒಂಬತ್ತೂವರೆ ದಿನಕ್ಕೇ, ಸಾಯುತ್ತದೆ. ಶ್ವಾಸಕೋಶದ ಮೊಗ್ಗು ಮೂಡುವುದೇ ಆ ಹೊತ್ತಿಗೆ. ಆರ್‌ಬಿ1 ಇಲ್ಲದ ಭ್ರೂಣ ಇ13ರಿಂದ ಇ15ರ ಆಸುಪಾಸಿನಲ್ಲಿ ಹೋಗುತ್ತದೆ. ಅದಕ್ಕೆ ದೊಡ್ಡ ಕಾರಣ ಮಾಸುಚೀಲದ ದೋಷ. ಅಂಥ ಭ್ರೂಣದ ಶ್ವಾಸಕೋಶ ಸೊರಗಿದ್ದರೆ ಅದು ಶ್ವಾಸಕೋಶದ ಆರ್‌ಬಿ1 ಕಥೆಯಲ್ಲ, ಆಹಾರ ಸಿಗದ ಭ್ರೂಣದ ಕಥೆ. ಟಿಆರ್‌ಪಿ53 ಮಾತ್ರ ಬೇರೆ. ಅದಿಲ್ಲದ ಇಲಿಗಳು ಬಹುಪಾಲು ಹುಟ್ಟಿ ಬೆಳೆದು, ಕೆಲವು ತಿಂಗಳ ನಂತರ ಗಡ್ಡೆಗಳಿಂದ ಸಾಯುತ್ತವೆ.

ಆಮೇಲೆ ದಿನ. ಸುಮಾರು ಇ16.5ರವರೆಗೆ ಶ್ವಾಸನಾಳಗಳು ಮರದಂತೆ ಕವಲೊಡೆಯುತ್ತವೆ. ಇ16.5ರಿಂದ ಇ17.5ರ ಹೊತ್ತಿಗೆ ತುದಿಗಳು ಅಗಲವಾಗುತ್ತವೆ. ಅಲ್ಲಿಂದ ಹುಟ್ಟಿದ 4–5ನೇ ದಿನದವರೆಗೆ ಚೀಲದ ಹಂತ. 5ನೇ ದಿನದಿಂದ ಸುಮಾರು ನಾಲ್ಕನೇ ವಾರದವರೆಗೆ ಗಾಳಿಗೂಡುಗಳು ಗೋಡೆ ಕಟ್ಟಿಕೊಳ್ಳುತ್ತವೆ. ಕವಲಿನ ತುದಿಯಲ್ಲಿರುವ ಎಸ್‌ಒಎಕ್ಸ್9 ಪ್ರೋಟೀನ್ ಇರುವ ಕೋಶಗಳ ಸಂತತಿ ಮೊದಮೊದಲು ಶ್ವಾಸನಾಳದ ಕೋಶಗಳಾಗುತ್ತದೆ, ಸುಮಾರು ಇ16.5ರ ನಂತರ ಗಾಳಿಗೂಡಿನ ಕೋಶಗಳಾಗುತ್ತದೆ. ಒಂದೇ ಜೀನನ್ನು ಇ12.5ರಲ್ಲಿ ತೆಗೆದರೆ ಒಂದು ಫಲಿತಾಂಶ, ಇ17.5ರಲ್ಲಿ ತೆಗೆದರೆ ಇನ್ನೊಂದು. ಯಾವ ಕೋಶ ಹುಟ್ಟುವ ಮೊದಲು ತೆಗೆಯುತ್ತಿದ್ದೇನೆ ಎಂಬುದನ್ನು ಒಂದು ಸಾಲಿನಲ್ಲಿ ಬರೆಯಲು ಆಗದಿದ್ದರೆ ಮುಂದಿನ ಹಂತಕ್ಕೆ ಹೋಗಬೇಡಿ.

## ಹಂತ 2: ಕ್ರೀ ಆಯ್ಕೆ, ಮತ್ತು ಕ್ರೋಮೋಸೋಮ್ ನೋಡುವುದು

ಕ್ರೀ ಯಾವ ಜೀನಿನ ಸ್ವಿಚ್‌ನಿಂದ ಓಡುತ್ತದೋ ಆ ಜೀನಿನ ಹೆಸರು ಅದರ ಮುಂದೆ ಸೇರುತ್ತದೆ. ಎಸ್‌ಎಚ್‌ಎಚ್-ಕ್ರೀ ಶ್ವಾಸಕೋಶದ ಒಳಪದರ ಪೂರ್ತಿ ಬೇಗನೆ ಕೆಲಸ ಮಾಡುತ್ತದೆ. ಆದರೆ ಕರುಳು, ಕೈಕಾಲು ಮೊಗ್ಗು, ನೋಟೋಕಾರ್ಡ್‌ಗಳಲ್ಲೂ ಮಾಡುತ್ತದೆ. ಇದು ಎಸ್‌ಎಚ್‌ಎಚ್ ಜೀನ್ ಒಳಗೇ ಕೂರಿಸಿದ ಕ್ರೀ, ಆ ಪ್ರತಿಯನ್ನು ಕೆಡಿಸಿರುತ್ತದೆ. ಹಾಗಾಗಿ ಎರಡೂ ಕಡೆಯಿಂದ ಕ್ರೀ ಬರುವಂತೆ ಜೋಡಿ ಮಾಡಬಾರದು. ಎನ್‌ಕೆಎಕ್ಸ್2-1-ಕ್ರೀ ಥೈರಾಯ್ಡ್ ಮತ್ತು ಮುಂಮೆದುಳಿನಲ್ಲೂ ಓಡುತ್ತದೆ. ದಿನ ನಮ್ಮ ಕೈಯಲ್ಲಿರಬೇಕಾದರೆ ಟಮೋಕ್ಸಿಫೆನ್ ಬಂದ ಮೇಲಷ್ಟೇ ಏಳುವ ಕ್ರೀಇಆರ್ ಬೇಕು. ತುದಿಯ ಕೋಶಕ್ಕೆ ಎಸ್‌ಒಎಕ್ಸ್9 ಅಥವಾ ಐಡಿ2, ಎರಡನೇ ಬಗೆಯ ಗಾಳಿಗೂಡು ಕೋಶಕ್ಕೆ ಎಸ್‌ಎಫ್‌ಟಿಪಿಸಿ, ಶ್ವಾಸನಾಳದಲ್ಲಿ ಸ್ರಾವ ಬಿಡುವ ಕ್ಲಬ್ ಕೋಶಕ್ಕೆ ಎಸ್‌ಸಿಜಿಬಿ1ಎ1, ನರಕೋಶದ ಗುಣವಿದ್ದು ಹಾರ್ಮೋನ್ ಬಿಡುವ ನ್ಯೂರೋಎಂಡೋಕ್ರೈನ್ ಕೋಶಕ್ಕೆ ಎಎಸ್‌ಸಿಎಲ್1.

ಡಾಕ್ಸಿಸೈಕ್ಲಿನ್‌ನಿಂದ ನಡೆಯುವ ಎಸ್‌ಪಿ-ಸಿ-ಆರ್‌ಟಿಟಿಎ ಇಲಿಗಳನ್ನು ಬಳಸುವವರು ಒಂದು ಮಾತು ನೆನಪಿಡಬೇಕು. ಡಾಕ್ಸಿಸೈಕ್ಲಿನ್ ಸಿಕ್ಕಾಗ ಕ್ರೀಯನ್ನು ಎಬ್ಬಿಸುವ ಆರ್‌ಟಿಟಿಎ ಪ್ರೋಟೀನೇ ಶ್ವಾಸಕೋಶದ ಕೋಶಗಳಿಗೆ ವಿಷವಾಗಬಲ್ಲದು. ಫ್ಲಾಕ್ಸ್ ಇಲ್ಲದೆ ಆರ್‌ಟಿಟಿಎ ಮತ್ತು ಕ್ರೀ ಇರುವ, ಡಾಕ್ಸಿಸೈಕ್ಲಿನ್ ತಿಂದ ಮರಿ ಕಂಟ್ರೋಲ್‌ನಲ್ಲಿ ಇಲ್ಲದಿದ್ದರೆ ಆ ಫಲಿತಾಂಶಕ್ಕೆ ಬೆಲೆಯಿಲ್ಲ.

ಈಗ ಹೆಚ್ಚಿನವರು ನೋಡದೆ ಒಂದು ವರ್ಷ ಕಳೆದುಕೊಳ್ಳುವ ವಿಷಯ. ಎಸ್‌ಎಫ್‌ಟಿಪಿಸಿ ಇರುವುದು ಇಲಿಯ 14ನೇ ಕ್ರೋಮೋಸೋಮ್‌ನಲ್ಲಿ. ಆರ್‌ಬಿ1 ಕೂಡ ಅದರಲ್ಲೇ ಇದೆ, 3 ಮೆಗಾಬೇಸ್‌ಗೂ ಕಡಿಮೆ ದೂರದಲ್ಲಿ. ತಂದೆಯಿಂದ ಕ್ರೀ, ತಾಯಿಯಿಂದ ಫ್ಲಾಕ್ಸ್ ಬಂದ ಮರಿಯಲ್ಲಿ ಅವೆರಡು ಎದುರುಬದುರು ಕ್ರೋಮೋಸೋಮ್‌ಗಳ ಮೇಲೆ ಕೂತಿರುತ್ತವೆ. ಎರಡೂ ಒಂದೇ ಕ್ರೋಮೋಸೋಮ್‌ಗೆ ಬರಬೇಕೆಂದರೆ ಆ ಸಣ್ಣ ಅಂತರದಲ್ಲೇ ಅದಲುಬದಲು ನಡೆಯಬೇಕು, ಅದು ಸಿಗುವುದು ನೂರು ಮರಿಗೆ ಒಂದೋ ಎರಡೋ. ಇದು ಗೊತ್ತಿಲ್ಲದೆ ಆರನೇ ಸೂಲಿನವರೆಗೂ ‘ಮ್ಯೂಟೆಂಟ್ (ಜೀನ್ ಹೋದ ಮರಿ) ಗರ್ಭದಲ್ಲೇ ಸಾಯುತ್ತಿದೆ’ ಎಂದು ನಂಬಿ ಕೂರುವುದುಂಟು. ಸತ್ತ ಭ್ರೂಣವೂ ಇಲ್ಲ, ಮ್ಯೂಟೆಂಟೂ ಇಲ್ಲ ಎಂದಾದರೆ ಮೊದಲು ನಕ್ಷೆ ತೆಗೆದು ನೋಡಿ.

ಇದೇ ತೊಡಕು ಇನ್ನೆರಡು ಜೋಡಿಗಳಲ್ಲಿದೆ. ಎಸ್‌ಸಿಜಿಬಿ1ಎ1 ಮತ್ತು ಪಿಟೆನ್ ಎರಡೂ 19ನೇ ಕ್ರೋಮೋಸೋಮ್‌ನಲ್ಲಿವೆ, ನಡುವೆ ಸುಮಾರು 24 ಮೆಗಾಬೇಸ್. ದೂರ ಜಾಸ್ತಿಯಾದ್ದರಿಂದ ಒಂದೆರಡು ಸೂಲಿನಲ್ಲಿ ಅದಲುಬದಲು ಸಿಗುತ್ತದೆ. ಎಎಸ್‌ಸಿಎಲ್1 ಮತ್ತು ಎಸ್‌ಟಿಕೆ11 ಎರಡೂ 10ನೇ ಕ್ರೋಮೋಸೋಮ್‌ನಲ್ಲಿ, ಸುಮಾರು 7 ಮೆಗಾಬೇಸ್ ಅಂತರದಲ್ಲಿವೆ. ಇದೆಲ್ಲ ಜೀನಿನ ಸ್ವಂತ ಜಾಗದಲ್ಲೇ ಕೂರಿಸಿದ ಕ್ರೀಗಳಿಗೆ ಅನ್ವಯಿಸುತ್ತದೆ. ಎಲ್ಲೋ ಒಂದು ಕಡೆ ಸೇರಿಕೊಂಡ ಟ್ರಾನ್ಸ್‌ಜೀನ್ ಆದರೆ ಲೆಕ್ಕ ಬೇರೆ.

ಒಮ್ಮೆ ಕ್ರೀ ಮತ್ತು ಫ್ಲಾಕ್ಸ್ ಒಂದೇ ಕ್ರೋಮೋಸೋಮ್‌ಗೆ ಬಂದರೆ ಅವು ಜೊತೆಯಾಗಿಯೇ ಸಾಗುತ್ತವೆ. ಆ ಗಂಡನ್ನು ಫ್ಲಾಕ್ಸ್/ಫ್ಲಾಕ್ಸ್ ಹೆಣ್ಣಿಗೆ ಬಿಟ್ಟರೆ ಅರ್ಧ ಮರಿ ಮ್ಯೂಟೆಂಟ್. ಖುಷಿಯ ಸಂಗತಿಯೇ, ಆದರೆ ಆ ಸೂಲಿನಲ್ಲಿ ‘ಕ್ರೀ ಇದೆ, ಜೀನೂ ಇದೆ’ ಎನ್ನುವ ಕಂಟ್ರೋಲ್ ಮರಿ ಹುಟ್ಟುವುದೇ ಇಲ್ಲ. ಅದಕ್ಕೆ ಮೂಲ ಕ್ರೀ ತಳಿಯಿಂದ ಬೇರೆ ಜೋಡಿ ಇಟ್ಟುಕೊಳ್ಳಲೇಬೇಕು.

## ಹಂತ 3: ಜೋಡಿ, ಪ್ಲಗ್, ದಿನದ ಲೆಕ್ಕ

ಕ್ರೋಮೋಸೋಮ್ ತೊಡಕಿಲ್ಲದ ಕಡೆ ಒಂದು ಮಾದರಿ ಜೋಡಿ: ಕ್ರೀ/+, ಪಿಟೆನ್ ಫ್ಲಾಕ್ಸ್/+ ಇರುವ ಗಂಡು, ಪಿಟೆನ್ ಫ್ಲಾಕ್ಸ್/ಫ್ಲಾಕ್ಸ್, ಟಿಡಿಟೊಮ್ಯಾಟೊ ಎರಡು ಪ್ರತಿ ಇರುವ ಹೆಣ್ಣು. ನಾಲ್ಕರಲ್ಲಿ ಒಂದು ಮ್ಯೂಟೆಂಟ್, ಅಂದರೆ 8 ಮರಿಯ ಸೂಲಿಗೆ 2. ಐದು ಮ್ಯೂಟೆಂಟ್ ಬೇಕೆಂದರೆ ಕನಿಷ್ಠ ಮೂರು ಸೂಲು. ಈ ಜೋಡಿಯಲ್ಲಿ ಸಿಗುವ ಕ್ರೀ ಕಂಟ್ರೋಲ್‌ಗೆ ಪಿಟೆನ್‌ನ ಒಂದು ಪ್ರತಿ ಹೋಗಿರುತ್ತದೆ. ಪಿಟೆನ್ ಅರ್ಧವಾದರೂ ಪರಿಣಾಮ ತೋರಬಲ್ಲ ಜೀನ್. ಆದ್ದರಿಂದ ಪಿಟೆನ್ ಎರಡೂ ಸರಿಯಿದ್ದು ಕ್ರೀ ಮಾತ್ರ ಇರುವ ಮರಿಗಳನ್ನು ಬೇರೆ ಜೋಡಿಯಿಂದಾದರೂ ತನ್ನಿ.

ಸಂಜೆ ಗಂಡುಹೆಣ್ಣನ್ನು ಜೊತೆಗೆ ಬಿಡಿ, ಬೆಳಿಗ್ಗೆ 9ರೊಳಗೆ ಪ್ಲಗ್ (ಕೂಡಿದ ಮೇಲೆ ಹೆಣ್ಣಿನ ಯೋನಿಯಲ್ಲಿ ಗಟ್ಟಿಯಾಗುವ ಬಿರಡೆ) ನೋಡಿ. ತಡವಾದರೆ ಬಿದ್ದುಹೋಗಿರುತ್ತದೆ. ಪ್ಲಗ್ ಕಂಡ ದಿನದ ಮಧ್ಯಾಹ್ನ ಇ0.5. ಪ್ಲಗ್ ಕಂಡರೆ ಕೂಡಿದೆ ಎಂದಷ್ಟೇ ಅರ್ಥ, ಗರ್ಭ ನಿಂತಿದೆ ಎಂದಲ್ಲ. ಹತ್ತನೇ ದಿನದ ಹೊತ್ತಿಗೆ ತೂಕ ಸುಮಾರು 2 ಗ್ರಾಂ ಏರಿದ್ದರೆ ನಂಬಬಹುದು. ಒಂದೇ ಸೂಲಿನ ಮರಿಗಳೂ ಅರ್ಧ ದಿನ ಹಿಂದೆಮುಂದೆ ಇರುತ್ತವೆ. ತೆಗೆದ ತಕ್ಷಣ ಬೆರಳು ಬಿಡಿಸಿಕೊಂಡಿವೆಯೇ, ಕಣ್ಣೆವೆ ಮುಚ್ಚಿದೆಯೇ ನೋಡಿ ಬರೆದುಕೊಳ್ಳಿ. ಎವೆ ಮುಚ್ಚುವುದು ಇ16.5ರ ಹೊತ್ತಿಗೆ. ಪ್ಲಗ್ ದಿನಕ್ಕಿಂತ ಈ ಗುರುತು ಹೆಚ್ಚು ಸತ್ಯ ಹೇಳುತ್ತದೆ.

ಯಾವ ಮರಿಗೆ ಯಾವ ಜೀನ್ ಬಂದಿದೆ ಎಂದು ತಿಳಿಯುವ ಜೀನೋಟೈಪಿಂಗ್‌ಗೆ ಬಾಲದ ತುದಿ ಸಾಕು. 25 ಮಿಲಿಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್ ಮತ್ತು 0.2 ಮಿಲಿಮೋಲಾರ್ ಇಡಿಟಿಎ ಇರುವ 75 ಮೈಕ್ರೋಲೀಟರ್‌ನಲ್ಲಿ 95 ಡಿಗ್ರಿಗೆ 30 ನಿಮಿಷ ಕಾಯಿಸಿ, ಅಷ್ಟೇ ಪ್ರಮಾಣದ 40 ಮಿಲಿಮೋಲಾರ್ ಟ್ರಿಸ್ ಆಮ್ಲ ದ್ರಾವಣ ಸೇರಿಸಿ. ಗಂಡೋ ಹೆಣ್ಣೋ ಎಂದು ಎಸ್‌ಆರ್‌ವೈ ಪಿಸಿಆರ್‌ನಿಂದ ನೋಡಿಡಿ. ಟಿಆರ್‌ಪಿ53 ಪೂರ್ತಿ ಇಲ್ಲದ ಹೆಣ್ಣು ಭ್ರೂಣಗಳಲ್ಲಿ ಕೆಲವಕ್ಕೆ ಮೆದುಳು ಮುಚ್ಚಿಕೊಳ್ಳುವುದಿಲ್ಲ. ಹೆಣ್ಣುಗಂಡು ಬೆರೆಸಿ ಎಣಿಸಿದರೆ ಇಂಥ ವ್ಯತ್ಯಾಸ ಮರೆಯಾಗುತ್ತದೆ. ಬಾಲದಲ್ಲೇ ಜೀನ್ ಕತ್ತರಿಸಿಹೋದ ಪಟ್ಟಿ ಕಂಡರೆ ಕ್ರೀ ತಂದೆ-ತಾಯಿಯ ಬೀಜಕೋಶದಲ್ಲೇ ಓಡಿದೆ ಎಂದರ್ಥ. ಆ ಮರಿಯನ್ನು ಲೆಕ್ಕದಿಂದ ಬಿಡಿ, ಆ ಗಂಡನ್ನು ಜೋಡಿಯಿಂದ ತೆಗೆಯಿರಿ.

## ಹಂತ 4: ಟಮೋಕ್ಸಿಫೆನ್ ಕೊಡುವುದು

ಕಾರ್ನ್ ಆಯಿಲ್‌ನಲ್ಲಿ ಮಿ.ಲೀ.ಗೆ 20 ಮಿ.ಗ್ರಾಂ. 37 ಡಿಗ್ರಿಯಲ್ಲಿ ರಾತ್ರಿಯಿಡೀ ಅಲುಗಾಡಿಸಿ, ಬೆಳಕು ಬೀಳದಂತೆ ಫಾಯಿಲ್ ಸುತ್ತಿ. ಅಡಿಯಲ್ಲಿ ಹರಳು ಉಳಿದಿದ್ದರೆ ಡೋಸ್ ತಪ್ಪಿದೆ ಎಂದೇ ತಿಳಿಯಿರಿ. ಬಸುರಿ ಇಲಿಗೆ ಒಂದೇ ಬಾರಿ 2 ಮಿ.ಗ್ರಾಂ, ಅಂದರೆ 100 ಮೈಕ್ರೋಲೀಟರ್. ಜೊತೆಗೆ 1 ಮಿ.ಗ್ರಾಂ ಪ್ರೊಜೆಸ್ಟೆರಾನ್, ಇಲ್ಲದಿದ್ದರೆ ಗರ್ಭ ಇಳಿದುಹೋಗುವ ಭಯ.

ಔಷಧಿ ಕೊಟ್ಟ ಕ್ಷಣಕ್ಕೇ ಜೀನ್ ಹೋಗುವುದಿಲ್ಲ. ಕೆಲವು ಗಂಟೆಗಳ ನಂತರ ಶುರುವಾಗಿ ಒಂದೂವರೆ ದಿನದವರೆಗೆ ನಡೆಯುತ್ತಿರುತ್ತದೆ. ಇ13.5ರ ಮಧ್ಯಾಹ್ನ ಕೊಟ್ಟರೆ ಇ14–ಇ15ರ ಕೋಶಗಳಲ್ಲಿ ತೆಗೆದಂತೆ. ಮೊದಲೇ ತಯಾರಾದ ಪ್ರೋಟೀನ್ ಕರಗಲು ಇನ್ನಷ್ಟು ಹೊತ್ತು ಬೇಕು. ಪಿಟೆನ್ ಪ್ರೋಟೀನ್ ಬೇಗ ಹೋಗುವಂಥದ್ದಲ್ಲ, ಮರುದಿನವೇ ನೋಡಿ ‘ಪರಿಣಾಮ ಇಲ್ಲ’ ಎನ್ನಬೇಡಿ.

ಟಮೋಕ್ಸಿಫೆನ್ ತಗೊಂಡ ತಾಯಿಗೆ ಹೆರಿಗೆ ಆಗುವುದು ಕಷ್ಟ. ಹುಟ್ಟಿದ ಮರಿ ಬೇಕಾದರೆ ಇ18.5–ಇ19ರಲ್ಲಿ ಹೊಟ್ಟೆ ಕೊಯ್ದು ತೆಗೆದು, ಹಿಂದಿನ ದಿನವಷ್ಟೇ ಹೆತ್ತ ಸಾಕುತಾಯಿಯ ಗೂಡಿಗೆ ಬಿಡಬೇಕು. ಕಂಟ್ರೋಲ್‌ಗೂ ಅದೇ ಔಷಧಿ, ಅದೇ ಕ್ರಮ.

## ಹಂತ 5: ಶ್ವಾಸಕೋಶ ತೆಗೆದು ಫಿಕ್ಸ್ ಮಾಡುವುದು

ತೆಗೆಯುವ ಒಂದು ಗಂಟೆ ಮೊದಲು ತಾಯಿಗೆ ಕಿಲೋಗೆ 50 ಮಿ.ಗ್ರಾಂ ಲೆಕ್ಕದಲ್ಲಿ ಇಡಿಯು ಕೊಡಿ. ಆ ಹೊತ್ತಿನಲ್ಲಿ ವಿಭಜನೆಗೆ ಡಿಎನ್‌ಎ ನಕಲು ಮಾಡುತ್ತಿದ್ದ ಕೋಶಗಳಿಗೆ ಗುರುತು ಬೀಳುತ್ತದೆ. ದಿನ ತುಂಬಿದ ಭ್ರೂಣಗಳು, ಎಳೆ ಮರಿಗಳು ಇಂಗಾಲದ ಡೈಆಕ್ಸೈಡ್‌ಗೆ ಬೇಗ ಸಾಯುವುದಿಲ್ಲ, ನರಳುತ್ತವೆ. ಅವಕ್ಕೆ ಸಮಿತಿ ಒಪ್ಪಿದ ಬೇರೆ ತ್ವರಿತ ವಿಧಾನವನ್ನೇ ಬಳಸಿ.

ಭ್ರೂಣದ ತೂಕ, ಶ್ವಾಸಕೋಶದ ತೂಕ ಎರಡನ್ನೂ ಬರೆಯಿರಿ. ಇಡೀ ಭ್ರೂಣವೇ ಚಿಕ್ಕದಾಗಿದ್ದರೆ ಶ್ವಾಸಕೋಶವನ್ನು ಮಾತ್ರ ದೂರುವಂತಿಲ್ಲ. ಇ12.5ರ ಶ್ವಾಸಕೋಶಕ್ಕೆ ಮಂಜುಗಡ್ಡೆಯ ಮೇಲೆ 1 ಗಂಟೆ ಫಿಕ್ಸ್, ಇ14.5ಕ್ಕೆ 2 ಗಂಟೆ, ಇ18.5ಕ್ಕೆ 4 ಡಿಗ್ರಿಯಲ್ಲಿ ರಾತ್ರಿಯಿಡೀ.

ಹುಟ್ಟಿದ ಮೇಲಿನ ಶ್ವಾಸಕೋಶವನ್ನು ಉಬ್ಬಿಸಿಯೇ ಫಿಕ್ಸ್ ಮಾಡಬೇಕು. ಶ್ವಾಸನಾಳಕ್ಕೆ ಮೊಂಡು ಸೂಜಿ ಹಾಕಿ ದಾರ ಕಟ್ಟಿ, ಸಿರಿಂಜಿನ ಕೊಳವೆಯಲ್ಲಿ ದ್ರವದ ಮಟ್ಟ ಶ್ವಾಸನಾಳದಿಂದ ಸರಿಯಾಗಿ 25 ಸೆಂ.ಮೀ. ಮೇಲಿರುವಂತೆ ನೇತುಹಾಕಿ, 5–10 ನಿಮಿಷ ಬಿಟ್ಟು ಗಂಟು ಬಿಗಿಯಿರಿ. ಕೈಯಿಂದ ಪಿಸ್ಟನ್ ಒತ್ತಬೇಡಿ. ಮ್ಯೂಟೆಂಟ್ ಶ್ವಾಸಕೋಶ ಗಟ್ಟಿಯಿದ್ದರೆ ಬೆರಳು ತಾನಾಗಿ ಜೋರು ಹಾಕುತ್ತದೆ, ಗೂಡುಗಳು ಹರಿಯುತ್ತವೆ. ಆಮೇಲೆ ಸ್ಲೈಡ್‌ನಲ್ಲಿ ಕಾಣುವ ದೊಡ್ಡ ಖಾಲಿ ಜಾಗ ಜೀನಿನದಲ್ಲ, ಹೆಬ್ಬೆರಳಿನದು.

## ಹಂತ 6: ಜೀನ್ ನಿಜಕ್ಕೂ ಹೋಗಿದೆಯೇ

ಕೆಂಪು ಹೊಳೆಯುವ ಕೋಶವೆಲ್ಲ ಜೀನ್ ಇಲ್ಲದ ಕೋಶ ಎಂದುಕೊಳ್ಳುವುದು ಅತಿ ದೊಡ್ಡ ತಪ್ಪು. ಟಿಡಿಟೊಮ್ಯಾಟೊದಲ್ಲಿ ಕ್ರೀ ಕತ್ತರಿಸಬೇಕಾದ ತುಣುಕು ಚಿಕ್ಕದು, ಒಂದು ಪ್ರತಿ ಕತ್ತರಿಸಿದರೂ ಬೆಳಕು ಬರುತ್ತದೆ. ಟಿಆರ್‌ಪಿ53 ಫ್ಲಾಕ್ಸ್‌ನಲ್ಲಿ 2ರಿಂದ 10ನೇ ಎಕ್ಸಾನ್‌ವರೆಗಿನ ಉದ್ದದ ಭಾಗ ಹೋಗಬೇಕು, ಅದೂ ಎರಡೂ ಪ್ರತಿಯಲ್ಲಿ. ಕಡಿಮೆ ಡೋಸ್ ಕೊಟ್ಟಾಗ ಕೆಂಪಾದರೂ ಜೀನ್ ಉಳಿದ ಕೋಶಗಳು ಬೇಕಾದಷ್ಟು ಇರುತ್ತವೆ.

ಪಿಟೆನ್‌ಗೆ ಪ್ರೋಟೀನ್ ಸ್ಟೇನ್ ನಂಬಬಹುದು. 138ಜಿ6 ಎಂಬ ಮೊಲದ ಆ್ಯಂಟಿಬಾಡಿ ಚೆನ್ನಾಗಿ ಕೆಲಸ ಮಾಡುತ್ತದೆ. 5 ಮೈಕ್ರಾನ್ ಪ್ಯಾರಾಫಿನ್ ಸೆಕ್ಷನ್, ಪಿಎಚ್ 6 ಸಿಟ್ರೇಟ್‌ನಲ್ಲಿ ಕುದಿಸುವುದು. ಪ್ರೋಟೀನ್ ಇರುವ ಕೋಶ ಕಂದು, ಇಲ್ಲದ್ದು ನೀಲಿ. ಸರಿಯಾದ ಮ್ಯೂಟೆಂಟ್ ಸ್ಲೈಡ್ ಹೀಗಿರುತ್ತದೆ: ಶ್ವಾಸನಾಳದ ಸುತ್ತಲಿನ ಸ್ನಾಯು, ರಕ್ತನಾಳದ ಗೋಡೆಗಳೆಲ್ಲ ಕಂದು; ಒಳಪದರ ಮಾತ್ರ ನೀಲಿ ನ್ಯೂಕ್ಲಿಯಸ್‌ಗಳ ಉಂಗುರ. ಆ ನೀಲಿ ಉಂಗುರದ ನಡುವೆ ಅಲ್ಲೊಂದು ಇಲ್ಲೊಂದು ಕಂದು ಕೋಶ ಕಂಡರೆ ಅವು ತಪ್ಪಿಸಿಕೊಂಡವು, ಎಣಿಸಿಡಿ. ಸುತ್ತಲಿನ ಸ್ನಾಯುವೂ ನೀಲಿಯಾಗಿದ್ದರೆ ಸ್ಟೇನ್ ಕೆಟ್ಟಿದೆ, ಸ್ಲೈಡ್ ಎಸೆಯಿರಿ. ಜೊತೆಗೆ ಸೆರಿನ್ 473ರಲ್ಲಿ ಫಾಸ್ಫೇಟ್ ಸೇರಿದ ಎಕೆಟಿ (ಪಿಟೆನ್ ಹಿಡಿತದಲ್ಲಿಡುವ ಪ್ರೋಟೀನ್) ಏರಿದೆಯೇ ನೋಡಿ.

ಟಿಆರ್‌ಪಿ53 ಜೀನಿನ ಪ್ರೋಟೀನಾದ ಪಿ53ಕ್ಕೆ ಈ ದಾರಿ ನಡೆಯುವುದಿಲ್ಲ. ಆರೋಗ್ಯವಂತ ಕೋಶದಲ್ಲಿ ಪಿ53 ಪ್ರೋಟೀನ್ ಹುಟ್ಟಿದಷ್ಟೇ ವೇಗದಲ್ಲಿ ನಾಶವಾಗುವುದರಿಂದ ಕಂಟ್ರೋಲ್‌ನಲ್ಲೂ ಸ್ಟೇನ್ ಕಾಣುವುದಿಲ್ಲ. ‘ಸ್ಟೇನ್ ಇಲ್ಲ, ಆದ್ದರಿಂದ ಜೀನ್ ಹೋಗಿದೆ’ ಎಂಬ ವಾದ ಇಲ್ಲಿ ಬಿದ್ದುಹೋಗುತ್ತದೆ. ಕೆಂಪು ಕೋಶಗಳನ್ನು ಎಫ್‌ಎಸಿಎಸ್‌ನಲ್ಲಿ ಬೇರ್ಪಡಿಸಿ ಡಿಎನ್‌ಎ ಪಿಸಿಆರ್ ಮಾಡಿ. ಉಳಿದ ಫ್ಲಾಕ್ಸ್ ಪಟ್ಟಿ ಎಷ್ಟು ಗಾಢವಾಗಿದೆಯೋ ಅಷ್ಟು ಜೀನ್ ಉಳಿದಿದೆ. ಆರ್‌ಬಿ1ಕ್ಕೂ 19ನೇ ಎಕ್ಸಾನ್ ಪಿಸಿಆರ್ ಮಾಡುವುದು ಕ್ಷೇಮ. ಇಡೀ ಶ್ವಾಸಕೋಶ ಅರೆದು ಪಿಸಿಆರ್ ಮಾಡಿದರೆ ಸ್ನಾಯು, ರಕ್ತನಾಳಗಳ ಡಿಎನ್‌ಎ ತುಂಬಿ ಏನೂ ತಿಳಿಯುವುದಿಲ್ಲ.

ಇನ್ನೊಂದು ಎಚ್ಚರಿಕೆ: ಇ14.5ರಲ್ಲಿ ನೀಲಿಯಾಗಿದ್ದ ಪದರ ಇ18.5ಕ್ಕೆ ಮತ್ತೆ ಕಂದಾಗಿದ್ದರೆ ತಪ್ಪಿಸಿಕೊಂಡ ಕೋಶಗಳು ಗೆದ್ದು ಜಾಗ ತುಂಬಿವೆ ಎಂದರ್ಥ. ಆ ಮರಿ ಚೆನ್ನಾಗಿ ಕಾಣುವುದಕ್ಕೆ ಜೀನ್ ಬೇಡದ್ದು ಕಾರಣವಲ್ಲ, ಜೀನ್ ಇಲ್ಲದ ಕೋಶಗಳು ಸತ್ತದ್ದು ಕಾರಣ. ಅದಕ್ಕೇ ಕನಿಷ್ಠ ಎರಡು ದಿನಗಳಲ್ಲಿ ನೋಡಬೇಕು.

## ಹಂತ 7: ಕೋಶ ಗುರುತಿಸಿ ಎಣಿಸುವುದು

ಸ್ಟೇನ್ ಮಾಡಬೇಕಾದ ಗುರುತು ಪ್ರೋಟೀನ್‌ಗಳು ಇವು: ಶ್ವಾಸನಾಳದ ಭಾಗಕ್ಕೆ ಎಸ್‌ಒಎಕ್ಸ್2, ತುದಿಗೆ ಎಸ್‌ಒಎಕ್ಸ್9, ಒಳಪದರ ಪೂರ್ತಿಗೆ ಎನ್‌ಕೆಎಕ್ಸ್2-1. ಮೊದಲ ಬಗೆಯ ತೆಳು ಕೋಶಕ್ಕೆ ಎಚ್‌ಒಪಿಎಕ್ಸ್, ಆರ್‌ಎಜಿಇ; ಎರಡನೇ ಬಗೆಗೆ ಪ್ರೊ-ಎಸ್‌ಪಿಸಿ; ಕ್ಲಬ್‌ಗೆ ಎಸ್‌ಸಿಜಿಬಿ1ಎ1; ರೋಮವಿರುವ ಕೋಶಕ್ಕೆ ಎಫ್‌ಒಎಕ್ಸ್‌ಜೆ1; ನ್ಯೂರೋಎಂಡೋಕ್ರೈನ್‌ಗೆ ಎಎಸ್‌ಸಿಎಲ್1, ಸಿಜಿಆರ್‌ಪಿ. ವಿಭಜನೆಗೆ ಇಡಿಯು, ಸಾವಿಗೆ ಕತ್ತರಿಸಿದ ಕ್ಯಾಸ್ಪೇಸ್ 3. ಸಿಟ್ರೇಟ್‌ನಲ್ಲಿ ಕುದಿಸಿದರೆ ಟಿಡಿಟೊಮ್ಯಾಟೊದ ಸ್ವಂತ ಬೆಳಕು ಹೋಗುತ್ತದೆ, ಕೆಂಪಿಗೂ ಆ್ಯಂಟಿಬಾಡಿ ಹಾಕಿ.

ನ್ಯೂರೋಎಂಡೋಕ್ರೈನ್ ಕೋಶಗಳ ಎಣಿಕೆಯಲ್ಲಿ ಹೆಚ್ಚು ಮೋಸವಾಗುತ್ತದೆ. ಒಳಪದರದಲ್ಲಿ ಇವು ಬಹಳ ವಿರಳ, ನೂರಕ್ಕೆ ಒಂದೂ ಇಲ್ಲ, ಅದೂ ನಾಳ ಕವಲಾಗುವ ಮೂಲೆಗಳಲ್ಲಿ ಗುಂಪಾಗಿ ಕೂರುತ್ತವೆ. ಕವಲು ಸಿಕ್ಕ ಸೆಕ್ಷನ್‌ನಲ್ಲಿ ಹತ್ತು, ಸಿಗದ ಸೆಕ್ಷನ್‌ನಲ್ಲಿ ಸೊನ್ನೆ. ಮೂರು ಸೆಕ್ಷನ್ ನೋಡಿ ‘ದುಪ್ಪಟ್ಟಾಗಿದೆ’ ಎನ್ನುವುದು ಅಲ್ಲಿಂದಲೇ ಬರುತ್ತದೆ. ಎಡ ಹಾಲೆಯನ್ನು ಪೂರ್ತಿ ಪಾರದರ್ಶಕ ಮಾಡಿ ಗುಂಪುಗಳನ್ನು ಎಣಿಸುವುದು ಉತ್ತಮ. ಆಗದಿದ್ದರೆ ಪ್ರತಿ ಹತ್ತನೇ ಸೆಕ್ಷನ್ ತಪ್ಪದೆ ನೋಡಿ, ನಾಳದ ಪದರದ ಉದ್ದಕ್ಕೆ ಭಾಗಿಸಿ.

ಇಲಿಯ ಬಲಭಾಗದಲ್ಲಿ ನಾಲ್ಕು ಹಾಲೆ, ಎಡಭಾಗದಲ್ಲಿ ಒಂದೇ. ಎಲ್ಲ ಮರಿಗಳಲ್ಲೂ ಅದೇ ಹಾಲೆಯನ್ನು ಎಣಿಸಿ. ಜೀನೋಟೈಪ್ ಗೊತ್ತಿಲ್ಲದವರು ಎಣಿಸಲಿ. ಒಂದು ಮರಿಯ ಇಪ್ಪತ್ತು ಚಿತ್ರ ಇಪ್ಪತ್ತು ಮಾದರಿಯಲ್ಲ, ಒಂದೇ ಮಾದರಿ. ಲೆಕ್ಕದಲ್ಲಿ ಸೂಲನ್ನೂ ಸೇರಿಸಿ.

## ಹಂತ 8: ಕಂಡದ್ದನ್ನು ಓದುವುದು

ಮೊದಲ ಪ್ರಶ್ನೆ: ದಾರಿ ಬದಲಾಯಿತೋ, ತಡವಾಯಿತೋ? ಇ18.5ರ ಮ್ಯೂಟೆಂಟನ್ನು ಇ18.5ರ ಕಂಟ್ರೋಲ್ ಜೊತೆಗಷ್ಟೇ ಅಲ್ಲ, ಇ16.5 ಮತ್ತು ಇ17.5ರ ಕಂಟ್ರೋಲ್ ಜೊತೆಗೂ ಇಟ್ಟು ನೋಡಿ. ಇ16.5ರಂತೆಯೇ ಇದ್ದರೆ, ಎಸ್‌ಒಎಕ್ಸ್9 ತುದಿಗಳು ಇನ್ನೂ ಉಳಿದಿದ್ದರೆ, ಅದು ವಿಳಂಬ. ಯಾವ ದಿನದ ಕಂಟ್ರೋಲ್‌ನಲ್ಲೂ ಕಾಣದ ಬೆರಕೆ ಗುರುತಿನ ಕೋಶ ಕಂಡರೆ ಆಗ ದಾರಿ ಬದಲಾದ ಮಾತು ಎತ್ತಬಹುದು.

ಎರಡನೆಯದು: ಒಂದು ಬಗೆಯ ಕೋಶ ಹೆಚ್ಚಾದರೆ ಅದು ಹೆಚ್ಚು ವಿಭಜನೆಯಾಯಿತೋ, ಕಡಿಮೆ ಸತ್ತಿತೋ, ಬೇರೆ ಕೋಶ ಇದಾಗಿ ಬದಲಾಯಿತೋ? ಇಡಿಯು, ಕ್ಯಾಸ್ಪೇಸ್, ಕೆಂಪು ಗುರುತು ಮೂರನ್ನೂ ಒಂದೇ ಕೋಶದಲ್ಲಿ ನೋಡದೆ ಹೇಳಲಾಗದು. ಗಡ್ಡೆ ತಡೆಯುವ ಜೀನ್ ಹೋದರೆ ಕೋಶ ಹೆಚ್ಚಲೇಬೇಕು ಎಂಬ ನಿರೀಕ್ಷೆ ಬೇಡ. ಬೆಳೆಯುತ್ತಿರುವ ಒಳಪದರದಲ್ಲಿ ಆರ್‌ಬಿ1 ತೆಗೆದಾಗ ನ್ಯೂರೋಎಂಡೋಕ್ರೈನ್ ಕೋಶಗಳು ಹೆಚ್ಚುತ್ತವೆ, ಆದರೆ ಬೇರೆ ಕೋಶಗಳಲ್ಲಿ ಸಾವು ಏರುತ್ತದೆ. ಪಿ107, ಪಿ130 ಎಂಬ ಅದರ ಬಂಧುಗಳು ಕೆಲವು ಕೋಶಗಳಲ್ಲಿ ಕೊರತೆ ತುಂಬುವುದೂ ಉಂಟು. ಪಿಟೆನ್ ಬೇಗ ತೆಗೆದಾಗ ತುದಿಯ ಕೋಶಗಳು ಹೆಚ್ಚಿ, ಗಾಳಿಗೂಡಿನ ಕೋಶಗಳು ಸರಿಯಾಗಿ ಮಾಗದೆ, ಬಹಳ ಮರಿಗಳು ಹುಟ್ಟಿದ ಕೆಲವೇ ಗಂಟೆಗಳಲ್ಲಿ ಉಸಿರು ಸಾಲದೆ ಸಾಯುತ್ತವೆ. ಬೆಳಿಗ್ಗೆ ಬಂದು ನೋಡಿ ‘ಮ್ಯೂಟೆಂಟ್ ಸಿಗಲಿಲ್ಲ’ ಎನ್ನುವ ಬದಲು ಇ18.5ರಲ್ಲೇ ತೆಗೆಯಿರಿ.

ಟಿಆರ್‌ಪಿ53 ಒಂದನ್ನೇ ತೆಗೆದಾಗ ಭ್ರೂಣದ ಶ್ವಾಸಕೋಶ ಬಹುಪಾಲು ಸಾಮಾನ್ಯವಾಗಿ ಕಂಡರೆ ಪ್ರಯೋಗ ಸೋತಿತು ಎಂದಲ್ಲ. ಆ ಜೀನ್ ಕೆಲಸಕ್ಕಿಳಿಯುವುದು ಒತ್ತಡದಲ್ಲಿ. ಬೆಳೆದ ಇಲಿಯ ಶ್ವಾಸಕೋಶಕ್ಕೆ ಗಾಯವಾದಾಗ ಎರಡನೇ ಬಗೆಯ ಕೋಶ ಮೊದಲ ಬಗೆಯದಾಗಿ ಬದಲಾಗಲು ಪಿ53 ನೆರವಾಗುತ್ತದೆ, ಅದರ ಕೆಲಸ ಕಾಣುವುದು ಅಲ್ಲಿ. ಭ್ರೂಣದಲ್ಲಿ ಅದರ ಬಲ ನೋಡಬೇಕೆಂದರೆ ಪಿ53 ಪ್ರೋಟೀನನ್ನು ನಾಶಕ್ಕೆ ಕಳಿಸುವ ಎಂಡಿಎಂ2 ಜೀನ್ ತೆಗೆಯುವುದು ಎದುರು ದಾರಿ. ಎಂಡಿಎಂ2 ಪೂರ್ತಿ ಇಲ್ಲದ ಭ್ರೂಣ ಗರ್ಭ ಕಚ್ಚಿಕೊಳ್ಳುವ ಹೊತ್ತಿಗೇ ಸಾಯುತ್ತದೆ, ಜೊತೆಗೆ ಟಿಆರ್‌ಪಿ53 ಕೂಡ ತೆಗೆದರೆ ಬದುಕುತ್ತದೆ. ಇಂಥ ಜೋಡಿ ಪ್ರಯೋಗವನ್ನು ಕ್ರೀ ಬಳಸಿ ಶ್ವಾಸಕೋಶಕ್ಕೆ ಸೀಮಿತಗೊಳಿಸಿದಾಗ, ಮುಂದಿನ ಹಂತಕ್ಕೆ ಹೋಗುವ ಮೊದಲು ಆರನೇ ಹಂತವನ್ನು ಎರಡು ಜೀನಿಗೂ ಬೇರೆ ಬೇರೆಯಾಗಿ ಮಾಡಬೇಕು. ಎಂಡಿಎಂ2 ಮಾತ್ರ ಹೋಗಿ ಟಿಆರ್‌ಪಿ53 ಉಳಿದ ಕೋಶ ಸತ್ತು ಮಾಯವಾಗಿರುತ್ತದೆ, ಸ್ಲೈಡ್‌ನಲ್ಲಿ ಅದರ ಲೆಕ್ಕ ಸಿಗುವುದಿಲ್ಲ.